ನಿಂತ ಕಾರಿನ ದೀಪ

“ಗುರುಗಳೇ, ಒಂದು ನೆನಪನ್ನು ಬೇರುಸಹಿತ ಕೀಳುವುದು ಹೇಗೆ?”

ಕೊಟ್ರೇಶಿ ಎಂಬ ಶಿಷ್ಯ ಹೀಗೆ ಕೇಳಿದ. ಅವನು ಮಠ ಸೇರಿ ಕೆಲವು ವರ್ಷಗಳಾಗಿದ್ದವು. ದೀಕ್ಷೆ ಇನ್ನೂ ಆಗಿರಲಿಲ್ಲ. ಅಂದು ಬೆಳಿಗ್ಗೆ ಮಠದ ಹಳೆಯ ಕಾರು ಸ್ಟಾರ್ಟ್ ಆಗದೆ, ಅವನೂ ಉಳಿದ ಶಿಷ್ಯರೂ ಸೇರಿ ಅದನ್ನು ಮಹಾದ್ವಾರದಿಂದ ದೊಡ್ಡ ರಸ್ತೆಯವರೆಗೆ ತಳ್ಳಿದ್ದರು. ಅವನ ಅಂಗೈಯ ಕಪ್ಪು ಇನ್ನೂ ಹೋಗಿರಲಿಲ್ಲ.

“ಯಾರ ನೆನಪು?” ಎಂದರು ಗುರುಗಳು.

“ಅಕ್ಕನದು.”

ಕೊಟ್ರೇಶಿ ಎಲ್ಲವನ್ನೂ ಹೇಳಿಕೊಂಡ. ಅವನು ಹಾಲು ಕುಡಿಯುವ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಸಾಕಿದವಳು ಅಕ್ಕ. ಅವಳು ಈಗ ಹರಪನಹಳ್ಳಿಯಲ್ಲಿದ್ದಾಳೆ. ಮಠಕ್ಕೆ ಹೊರಡುವ ದಿನ ಅವನು ಅಕ್ಕನಿಗೆ, “ಮನಸ್ಸು ಗಟ್ಟಿಯಾದ ಮೇಲೆ ಬಂದು ಮುಖ ತೋರಿಸುತ್ತೇನೆ” ಎಂದಿದ್ದ. ಆಮೇಲೆ ಹೋಗಿಲ್ಲ. ಅಮಾವಾಸ್ಯೆಗೆ ಮಠಕ್ಕೆ ಬರುವವರ ಕೈಯಲ್ಲಿ ಅಕ್ಕ ಶೇಂಗಾ ಉಂಡೆ ಕಟ್ಟಿ ಕಳಿಸುತ್ತಾಳೆ. “ಯಾವಾಗ ಬರ್ತಾನಂತೆ, ಕೇಳಿ” ಎಂದು ಹೇಳಿಕಳಿಸುತ್ತಾಳೆ. ಹೋದ ಅಮಾವಾಸ್ಯೆಗೆ ಉಂಡೆ ಬರಲಿಲ್ಲ. ಅಕ್ಕನಿಗೆ ಮಂಡಿನೋವು ಜಾಸ್ತಿಯಾಗಿ ಒಲೆಯ ಮುಂದೆ ಕೂರಲು ಆಗುತ್ತಿಲ್ಲ ಎಂಬ ಸುದ್ದಿ ಮಾತ್ರ ಬಂತು. ಯಾವಾಗ ಬರುತ್ತಾನೆ ಎಂಬ ಪ್ರಶ್ನೆಯೂ ಬಂತು.

“ಬೆಳಿಗ್ಗೆ ಸಂಜೆ ಧ್ಯಾನಕ್ಕೆ ಕೂರುತ್ತೇನೆ, ಗುರುಗಳೇ. ಏಳುವಾಗ ಮನಸ್ಸು ತುಂಬಿರುತ್ತದೆ. ಮಾರನೆಯ ದಿನ ಕಣ್ಣು ಬಿಡುವ ಹೊತ್ತಿಗೆ ಖಾಲಿ. ಹಿಡಿದಿಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲವೇನೋ ಎಂದುಕೊಂಡೆ. ಕೂರುವ ಕ್ರಮವೇ ತಪ್ಪೇನೋ ಎಂದುಕೊಂಡೆ. ಆಸನ ಬದಲಿಸಿದೆ, ಜಾಗ ಬದಲಿಸಿದೆ, ಊಟ ಕಡಿಮೆ ಮಾಡಿದೆ. ಈಗ ಗೊತ್ತಾಗಿದೆ. ಒಳಗೆ ಅಕ್ಕ ಕೂತಿದ್ದಾಳೆ. ತುಂಬಿದ್ದೆಲ್ಲ ಅಲ್ಲಿಗೇ ಹೋಗುತ್ತಿದೆ. ಆ ನೆನಪನ್ನು ಕಿತ್ತುಹಾಕದೆ ನಾನು ದೀಕ್ಷೆ ಕೇಳಲಾರೆ.”

“ಮನಸ್ಸು ಗಟ್ಟಿಯಾಗಿದೆಯೇ?”

“ಇಲ್ಲ.”

“ಹಾಗಾದರೆ ಕೂತುಕೋ. ಬೆಳಿಗ್ಗೆ ಕಾರು ತಳ್ಳಿ ದಣಿದಿದ್ದೀಯ. ಕಾರಿನ ಕತೆಯನ್ನೇ ಹೇಳುತ್ತೇನೆ” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಅವನಿಗೆ ಒಬ್ಬ ಹೆಂಡತಿ, ಒಂದು ಹಳೆಯ ಕಾರು. ಎರಡರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಊರವರು ಕೇಳಿ ಕಾಡಿಸುತ್ತಿದ್ದರು. ಅವನು ಉತ್ತರ ಕೊಡುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಜಾಣನೇ.

ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ. ಬೆಳಿಗ್ಗೆ ಹೆಂಡತಿ ಒದ್ದೆ ಬಟ್ಟೆಯಿಂದ ಗಾಜು ಒರೆಸಿ, ಸ್ಟೇರಿಂಗಿನ ಮುಂದಿದ್ದ ದೇವರ ಪಟಕ್ಕೆ ಹೂವಿಡುತ್ತಿದ್ದಳು. ಅವಳು ಹೂವಿಟ್ಟ ಮೇಲೆಯೇ ಗಾಡಿ ಹೊರಗೆ. ಅದು ಆ ಮನೆಯ ಪದ್ಧತಿ. ಪಟದ ಮುಂದೆ ಒಂದು ಸಣ್ಣ ಕೆಂಪು ಬಲ್ಬು ಇತ್ತು. ಮೊದಲು ಅದು ಕೀಲಿ ತಿರುಗಿಸಿದಾಗ ಹತ್ತಿ, ಕೀಲಿ ತೆಗೆದಾಗ ಹೋಗುತ್ತಿತ್ತು. ಒಂದು ದಿನ ಹೆಂಡತಿ ಅದನ್ನು ನೋಡಿ, “ನೀವು ಕೀಲಿ ತೆಗೆದ್ರೆ ದೇವರೂ ಕತ್ತಲಲ್ಲಿ ಕೂರಬೇಕಾ?” ಎಂದಳು. ಅವನು ಅಂದೇ ಬೇರೆ ವೈರು ಎಳೆದ. ಕೀಲಿಗೂ ಸಂಬಂಧವಿಲ್ಲ, ಫ್ಯೂಸಿಗೂ ಸಂಬಂಧವಿಲ್ಲ. ಬ್ಯಾಟರಿಯಿಂದ ನೇರ ದೀಪಕ್ಕೆ. ಆಮೇಲೆ ಆ ದೀಪ ಆರಿದ್ದೇ ಇಲ್ಲ. ಅವಳಿಗೆ ಸಂತೋಷವಾಯಿತು. ಅವಳ ಸಂತೋಷ ಕಂಡು ಅವನಿಗೂ ಆಯಿತು. ಆದರೆ ಅದನ್ನು ಹೇಳಲಿಲ್ಲ. ಇಂಥವನ್ನೆಲ್ಲ ಬಾಯಿಬಿಟ್ಟು ಹೇಳುವ ಜಾತಿಯವನಲ್ಲ.

ಹೀಗೆ ವರ್ಷಗಳು ಕಳೆದವು. ಕಾರು ದಿನವೂ ಓಡುತ್ತಿತ್ತು, ದೀಪ ದಿನವೂ ಉರಿಯುತ್ತಿತ್ತು. ಯಾವುದಕ್ಕೂ ಯಾವುದೂ ಭಾರವಾಗಿರಲಿಲ್ಲ.

ಒಂದು ಬೇಸಿಗೆಯಲ್ಲಿ ಹೆಂಡತಿಯ ತಮ್ಮ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ಸ್ವಂತ ಕಾರಿನಲ್ಲೇ ತವರಿಗೆ ಹೋಗಬೇಕೆಂದು ಅವಳಿಗೆ ಆಸೆ. ಇವನು ಅದೇ ದಿನಕ್ಕೆ ಒಂದು ಮದುವೆ ಬಾಡಿಗೆ ಒಪ್ಪಿಕೊಂಡು ಬಂದ. ಅವಳು ಸುಮ್ಮನಿರಲಿಲ್ಲ.

“ಊರಿನ ಹೆಂಗಸರನ್ನೆಲ್ಲ ಅವರವರ ತವರಿಗೆ ಬಿಟ್ಟು ಬರ್ತೀರಿ. ನನ್ನನ್ನ ಬಿಡೋಕೆ ಮಾತ್ರ ನಿಮ್ಮ ಗಾಡಿ ಖಾಲಿ ಇರಲ್ಲ.”

“ಬಸ್ಸಿದೆಯಲ್ಲ, ಹೋಗು” ಎಂದ ಅವನು.

ಮಾತು ಬಾಯಿಂದ ಬಿದ್ದ ಕೂಡಲೇ ಅವನಿಗೆ ಕಸಿವಿಸಿಯಾಯಿತು. ವಾಪಸ್ಸು ತೆಗೆದುಕೊಳ್ಳಲು ಆಗಲಿಲ್ಲ. ಅವಳು ಸೀರೆಗಳನ್ನು ಚೀಲಕ್ಕೆ ತುಂಬಿದಳು. ಹೋಗುವ ಮುಂಚೆ ಕಾರಿನ ಗಾಜು ಒರೆಸಿದಳು, ಪಟಕ್ಕೆ ಹೂವಿಟ್ಟಳು.

“ಬಸ್ಸಲ್ಲೇ ಹೋಗ್ತೀನಿ. ಬರುವಾಗ ಮಾತ್ರ ಬಸ್ಸಲ್ಲಿ ಬರಲ್ಲ” ಎಂದು ಹೊರಟುಹೋದಳು.

ತವರಿಗೆ ಹೋದ ಹೆಂಡತಿಯನ್ನು ಗಂಡ ಹೋಗಿ ಕರೆದು ತರಬೇಕು. ಅವಳಾಗಿಯೇ ಬರುವುದು ಅವಳಿಗೆ ಮರ್ಯಾದೆಯಲ್ಲ. ಹೋಗದಿರುವುದು ಇವನಿಗೆ ಮರ್ಯಾದೆಯಲ್ಲ. ಇಷ್ಟು ಅವನಿಗೂ ಗೊತ್ತಿತ್ತು. ಕಾರಿನಲ್ಲಿ ಹೋಗಿ, ಅವಳ ತಮ್ಮಂದಿರ ಮುಂದೆ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತೇನೆ ಎಂದು ತೀರ್ಮಾನಿಸಿದ. ಎರಡು ದಿನ ಹೋಗಲಿ, ಅವಳ ಸಿಟ್ಟು ಇಳಿಯಲಿ ಎಂದು ಕಾದ. ನಿಜ ಹೇಳಬೇಕೆಂದರೆ ಇಳಿಯಬೇಕಾಗಿದ್ದದ್ದು ಇವನ ಸಿಟ್ಟು.

ಅವಳಿಲ್ಲದ ಮೇಲೆ ಹೂವಿಡುವವರಿಲ್ಲ. ಹೂವಿಡದೆ ಗಾಡಿ ತೆಗೆಯಲು ಅವನಿಗೆ ಮನಸ್ಸು ಬರಲಿಲ್ಲ. ತಾನೇ ಇಡಬಹುದಿತ್ತು. ಇಡಲು ಕೈ ಹೋಗಲಿಲ್ಲ. ಬಾಡಿಗೆ ಕೇಳಿಕೊಂಡು ಬಂದವರಿಗೆ ಗಾಡಿ ಕೆಟ್ಟಿದೆ ಎಂದ. ಕಾರು ಶೆಡ್ಡಿನಲ್ಲೇ ನಿಂತಿತು.

ಸಿಟ್ಟು ಇಳಿದ ದಿನ ಬಿಳಿ ಪಂಚೆ ಉಟ್ಟು, ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಕಟ್ ಕಟ್ ಎಂದಿತು. ಮತ್ತೆ ತಿರುಗಿಸಿದ. ಅದೂ ಇಲ್ಲ. ಸುಳ್ಳು ಹೇಳಿದ್ದು ನಿಜವಾಯಿತು, ಗಾಡಿ ಕೆಟ್ಟಿತ್ತು.

ಬ್ಯಾಟರಿ ಹಳೆಯದಾಯಿತು ಎಂದುಕೊಂಡ. ಹೊಸದು ಹಾಕಿಸಿದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆಗಲೇ ಹೊರಡಬಹುದಿತ್ತು. ಆದರೆ ಅವನಿಗೊಂದು ಭಯ ಹುಟ್ಟಿತು. ಅಲ್ಲಿ ಹೋಗಿ ನಿಂತ ಮೇಲೆ ಸ್ಟಾರ್ಟ್ ಆಗದಿದ್ದರೆ? ಹೆಂಡತಿಯನ್ನು ಮುಂದೆ ಕೂರಿಸಿಕೊಂಡು ಭಾವಮೈದುನರಿಂದ ತಳ್ಳಿಸಿಕೊಳ್ಳುವುದೇ? ಇವತ್ತು ಹಿಡಿದಿದೆ, ನಾಳೆ ನಾಡಿದ್ದೂ ಹಿಡಿಯುತ್ತದೋ ನೋಡೋಣ, ಆಮೇಲೆ ಹೋಗೋಣ ಎಂದು ಎಂಜಿನ್ ಆರಿಸಿ ಒಳಗೆ ಬಂದ. ಮೂರನೆಯ ದಿನ ಸ್ಟಾರ್ಟರ್ ಮಂದವಾಗಿ ತಿರುಗಿತು. ವಾರದೊಳಗೆ ಮತ್ತೆ ಕಟ್ ಕಟ್.

ಆ ಊರಿನ ಗ್ಯಾರೇಜಿನ ಮೇಸ್ತ್ರಿ ಬಂದ. ಬ್ಯಾಟರಿಗೆ ವೈರು ಸಿಕ್ಕಿಸುವ ಕೊಂಬುಗಳ ಮೇಲೆ ಬೆಳ್ಳಗೆ ಉಪ್ಪು ಕಟ್ಟಿತ್ತು. ಬಿಸಿನೀರು ಹೊಯ್ದು, ಉಜ್ಜಿ, ಬಿಗಿ ಮಾಡಿದ. ಚಾರ್ಜ್ ಮಾಡಿಸಿ ಹಾಕಿದ. ಸ್ಟಾರ್ಟ್ ಆಯಿತು. ಇವನು ಮತ್ತೆ, ನೋಡೋಣ, ಹಿಡಿಯಲಿ ಎಂದ. ಹಿಡಿಯಲಿಲ್ಲ.

ಮೇಸ್ತ್ರಿ ಮತ್ತೆ ಬಂದ. ಗಾಡಿ ಓಡುವಾಗ ಬ್ಯಾಟರಿ ತುಂಬುವ ಡೈನಮೋ ಚಾರ್ಜ್ ಮಾಡುತ್ತಿಲ್ಲವೇನೋ ಎಂದ. ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದ. ಎಂಜಿನ್ ಓಡುವಾಗ ಮೀಟರ್ ಹಿಡಿದ. ಎಲ್ಲ ಸರಿಯಿತ್ತು. ಅನುಮಾನ ಬೇಡವೆಂದು ಡೈನಮೋವನ್ನೂ ಬಿಚ್ಚಿ ರಿಪೇರಿ ಮಾಡಿಸಿದ. ಕಾರು ಮತ್ತೆ ಮಲಗಿತು. ಕೊನೆಗೆ ಬ್ಯಾಟರಿಯ ಒಂದು ವೈರು ಬಿಚ್ಚಿ ನಡುವೆ ಮೀಟರ್ ಇಟ್ಟ. ಕೀಲಿ ತೆಗೆದು ಎಲ್ಲವನ್ನೂ ಆರಿಸಿದ್ದರೂ ಮುಳ್ಳು ಸೊನ್ನೆಗೆ ಬರಲಿಲ್ಲ. ನಿಂತಲ್ಲೇ ಏನೋ ಕುಡಿಯುತ್ತಿದೆ ಎಂದ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತ. ಹಾರನ್ನಿನದು, ವೈಪರಿನದು, ಹೆಡ್‌ಲೈಟಿನದು. ಮುಳ್ಳು ಅಲುಗಲಿಲ್ಲ. ಹಳೆಯ ಗಾಡಿ, ವೈರಿಂಗ್ ಪೂರ್ತಿ ಹೊಸದು ಮಾಡಬೇಕು ಎಂದು ಕೈ ಒರೆಸಿಕೊಂಡು ಹೋದ.

ಈಗ ನೀನು ಕೇಳಬಹುದು, ಕೊಟ್ರೇಶಿ. ಕಣ್ಣೆದುರೇ ಕೆಂಪಗೆ ಉರಿಯುತ್ತಿದ್ದ ದೀಪ ಇಬ್ಬರಿಗೂ ಕಾಣಲಿಲ್ಲವೇ ಎಂದು. ಚೆನ್ನಾಗಿ ಕಂಡಿತು. ಮೇಸ್ತ್ರಿ ಒಳಗೆ ಕೂರುವಾಗಲೆಲ್ಲ ಚಪ್ಪಲಿ ಕಳಚಿ, ದೀಪಕ್ಕೆ ಕೈ ಮುಗಿದೇ ಕೂತ. ಏಳುವಾಗ ಕಣ್ಣಿಗೊತ್ತಿಕೊಂಡೇ ಎದ್ದ. ದೀಪ ಆರಿತು ಎಂಬ ಮಾತನ್ನೇ ಮನೆಗಳಲ್ಲಿ ಆಡುವುದಿಲ್ಲ, ಶಾಂತವಾಯಿತು ಎನ್ನುತ್ತೇವೆ. ಅಂಥ ಜನ ದೇವರ ಮುಂದಿನ ದೀಪವನ್ನು ಕಳ್ಳ ಎಂದು ಹಿಡಿಯುತ್ತಾರೆಯೇ? ಕೈ ಮುಗಿಯುವ ಜಾಗದಲ್ಲಿ ಯಾರೂ ಮೀಟರ್ ಇಡುವುದಿಲ್ಲ.

ಅಷ್ಟು ಹೊತ್ತಿಗೆ ಅವರೆಕಾಯಿ ಕಾಲ ಬಂತು. ಹೆಂಡತಿ ಮಾವಿನ ಕಾಯಿಯ ಕಾಲದಲ್ಲಿ ಹೋದವಳು. ಅವರೆಕಾಳು ಸುಲಿದು ಹಿಸುಕುವವರಿಲ್ಲದೆ ಡ್ರೈವರ್ ಹೋಟೆಲಿನಲ್ಲಿ ಉಂಡು ಬರುತ್ತಿದ್ದ. ಅವಳ ಊರಿನಿಂದ ಬಂದವರೊಬ್ಬರು ಸಿಕ್ಕಿದರು. ಮೋಟಾರಿನ ಸದ್ದಾದರೆ ಸಾಕು, ನಿನ್ನ ಹೆಂಡತಿ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಾಳೆ ಎಂದರು. ಅವನು ಆ ದಿನ ಹೋಟೆಲಿಗೆ ಹೋಗಲಿಲ್ಲ.

ಸಂಜೆ ಶೆಡ್ಡಿಗೆ ಹೋಗಿ ಕಾರಿನಲ್ಲಿ ಕೂತ. ತನ್ನ ಸೀಟಿನಲ್ಲಲ್ಲ, ಅವಳ ಸೀಟಿನಲ್ಲಿ. ಆ ಸೀಟಿನಲ್ಲಿ ಅವಳು ಕೂತದ್ದು ಎಷ್ಟು ಸಲ ಎಂದು ನೆನಪು ಮಾಡಿಕೊಂಡ. ಹೆಚ್ಚು ನೆನಪಾಗಲಿಲ್ಲ. ಸೀಟು ಇನ್ನೂ ಹೊಸದರಂತೆಯೇ ಇತ್ತು. ಪಕ್ಕಕ್ಕೆ ಬಾಗಿ ಕೀಲಿ ತಿರುಗಿಸಿದ. ಕಟ್ ಎನ್ನಲಿಲ್ಲ. ಹಾರನ್ ಒತ್ತಿದ. ಅದಕ್ಕೂ ದನಿಯಿಲ್ಲ. ಬ್ಯಾಟರಿ ಅಷ್ಟು ಸೋತಿತ್ತು. ಪಟದ ಮುಂದೆ ಮಾತ್ರ ಮಂಕಾಗಿ ಕೆಂಪು ಕಾಣುತ್ತಿತ್ತು.

ಎಂಜಿನ್ ಎಬ್ಬಿಸಲಾರದ ಬ್ಯಾಟರಿ ಉಳಿದಿದ್ದ ತೊಟ್ಟನ್ನೂ ಆ ದೀಪಕ್ಕೇ ಕೊಡುತ್ತಿತ್ತು.

ಅವನಿಗೆ ಆಗ ಎಲ್ಲ ಹೊಳೆಯಿತು. ವೈರು ಎಳೆದವನು ಅವನೇ. ಎಳೆಸಿದವಳು ಅವಳು. ಅಲ್ಲೇ ಕೂತು ಅತ್ತ. ಗಂಡಸು, ಶೆಡ್ಡಿನ ಬಾಗಿಲು ಹಾಕಿಕೊಂಡು ಅತ್ತ ಎಂದು ಬೇಕಾದರೆ ಸೇರಿಸಿಕೋ.

ಬೆಳಿಗ್ಗೆ ಮೇಸ್ತ್ರಿಯನ್ನು ಕರೆತಂದ. ಮೀಟರ್ ಇಡಿಸಿದ. ದೀಪದ ವೈರನ್ನು ತಾನೇ ಎಳೆದು ಬಿಡಿಸಿದ. ಮುಳ್ಳು ಸೊನ್ನೆಗೆ ಬಂದು ನಿಂತಿತು. ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡ.

“ಸಿಕ್ತಲ್ಲ ಬಿಡಣ್ಣ. ಇದು ಹೀಗೇ ಬಿಚ್ಚಿರಲಿ. ಇನ್ನು ಗಾಡಿ ಎಷ್ಟು ದಿನ ಬೇಕಾದ್ರೂ ನಿಂತಲ್ಲೇ ನಿಂತಿರುತ್ತೆ, ಏನೂ ಆಗಲ್ಲ.”

ಡ್ರೈವರ್ ಆ ಮಾತನ್ನು ಕೇಳಿಸಿಕೊಂಡ. ಎಷ್ಟು ದಿನ ಬೇಕಾದರೂ ನಿಂತಲ್ಲೇ ನಿಂತಿರುತ್ತದೆ. ಪಟದ ಮುಂದೆ ಕತ್ತಲಾಗಿತ್ತು.

“ದೀಪಕ್ಕೆ ಮತ್ತೆ ವೈರು ಕೊಟ್ರೆ?” ಎಂದು ಕೇಳಿದ.

“ಕೊಟ್ರೆ ಓಡಿಸ್ತಾ ಇರಬೇಕು. ಓಡೋ ಗಾಡಿಗೆ ಇದ್ಯಾವ ಲೆಕ್ಕ? ಇಷ್ಟು ವರ್ಷ ಉರಿದಿಲ್ವಾ? ನೀನು ನಿಲ್ಲಿಸಿದೆ, ಅದಕ್ಕೇ ಭಾರ ಆಯ್ತು.”

ಡ್ರೈವರ್ ವೈರನ್ನು ಮತ್ತೆ ಸಿಕ್ಕಿಸಿದ. ದೀಪ ಹತ್ತಿತು. ಮೇಸ್ತ್ರಿ ತನ್ನ ಬ್ಯಾಟರಿಯಿಂದ ವೈರು ಎಳೆದು ಕರೆಂಟು ಕೊಟ್ಟ. ಎಂಜಿನ್ ಎದ್ದಿತು. ಮೇಸ್ತ್ರಿ ತನ್ನ ವೈರು ತೆಗೆಯುವುದಕ್ಕೂ ಕಾರು ಶೆಡ್ಡಿನಿಂದ ಆಚೆ ಬರುವುದಕ್ಕೂ ಸರಿಹೋಯಿತು. ಇವತ್ತು ಹಿಡಿಯಲಿ, ನಾಳೆ ನೋಡೋಣ ಎಂದು ಅವನು ಈ ಸಲ ಅನ್ನಲಿಲ್ಲ. ಬಿಳಿ ಪಂಚೆಯೂ ಉಡಲಿಲ್ಲ. ಮೈಮೇಲೆ ಗ್ರೀಸ್ ಅಂಟಿದ ಬನಿಯನ್ನು, ಕಾಲಿಗೆ ಮನೆಯ ಹವಾಯಿ ಚಪ್ಪಲಿ. ದಾರಿಯಲ್ಲಿ ಚಹಾಕ್ಕೂ ನಿಲ್ಲಿಸಲಿಲ್ಲ.

ಹೆಂಡತಿಯ ತವರಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿದ. ಎಂಜಿನ್ ಆರಿಸಲು ಧೈರ್ಯ ಬರಲಿಲ್ಲ. ಇಳಿದು ಹೋದರೆ ಎಲ್ಲಿ ನಿಂತುಬಿಡುತ್ತದೋ ಎಂದು ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೇ ಕೂತ. ಸದ್ದಿಗೆ ಅವಳು ಹೊರಗೆ ಬಂದಳು. ಕೈಯಲ್ಲಿ ಅವರೆಕಾಳಿನ ಮೊರ ಹಾಗೇ ಇತ್ತು. ಅವನ ಬನಿಯನ್ನು ನೋಡಿದಳು, ಮುಖ ನೋಡಿದಳು. ಒಳಗೆ ಬಗ್ಗಿ ದೀಪ ನೋಡಿದಳು.

“ಇಷ್ಟು ದಿನ ಎಲ್ಲಿದ್ರಿ?”

“ಗಾಡಿ ಸ್ಟಾರ್ಟ್ ಆಗ್ತಿರಲಿಲ್ಲ. ನೀನೇ ಹೇಳಿದ್ದೆಯಲ್ಲ, ಬಸ್ಸಲ್ಲಿ ಬರಲ್ಲ ಅಂತ.”

“ನಾನು ಬಸ್ಸಲ್ಲಿ ಬರಲ್ಲ ಅಂದಿದ್ದೆ. ನೀವು ಬಸ್ಸಲ್ಲಿ ಬರಬೇಡಿ ಅಂದಿದ್ನಾ?”

ಅವಳು ಮೊರವನ್ನು ಜಗಲಿಯ ಮೇಲಿಟ್ಟು ಬಂದು, ಸೆರಗಿನಿಂದ ಗಾಜು ಒರೆಸಿದಳು. ಮುಡಿದಿದ್ದ ಹೂವಿನಲ್ಲಿ ಒಂದು ತುಂಡು ಕಿತ್ತು ಪಟಕ್ಕಿಟ್ಟಳು. ಮುಂದಿನ ಸೀಟಿನಲ್ಲಿ ಕೂತಳು.

“ಇನ್ನಾದ್ರೂ ಆರಿಸಿ ಇಳೀರಿ. ಊಟ ಮಾಡಿ ಹೊರಡೋಣ” ಎಂದಳು. “ಸ್ಟಾರ್ಟ್ ಆಗದಿದ್ರೆ ನಾನೇ ತಳ್ತೀನಿ.”

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶಿ ನಗುತ್ತಿದ್ದ. ಆ ಡ್ರೈವರಿನ ಪೆದ್ದುತನಕ್ಕೆ ಅವನಿಗೆ ನಗು ತಡೆಯಲು ಆಗಲಿಲ್ಲ.

“ಊಟವಾದ ಮೇಲೆ ಸ್ಟಾರ್ಟ್ ಆಯಿತೇ, ಗುರುಗಳೇ?”

“ಅಷ್ಟು ದೂರ ಓಡಿ ಬಂದ ಗಾಡಿ. ಯಾಕೆ ಆಗುವುದಿಲ್ಲ?”

“ಆ ದೀಪ?”

“ಉರಿಯುತ್ತಲೇ ಇದೆ. ಯಾರೂ ಬಿಚ್ಚಲಿಲ್ಲ.”

ಕೊಟ್ರೇಶಿ ಅಂಗೈಯ ಕಪ್ಪನ್ನು ಉಜ್ಜಿಕೊಂಡ.

“ಬಸ್ಸು ದಿನವೂ ಇತ್ತಲ್ಲ. ಅದೊಂದು ಅವನಿಗೆ ಯಾಕೆ ಹೊಳೆಯಲಿಲ್ಲ?” ಎಂದ. ಆಮೇಲೆ ತನ್ನ ಮಾತಿಗೆ ಮರಳಿದ. “ಇರಲಿ. ನನ್ನದು ಬೇರೆ, ಗುರುಗಳೇ. ನನ್ನ ಮನಸ್ಸು ಮೊದಲು ಗಟ್ಟಿಯಾಗಲಿ. ಒಂದೆರಡು ತಿಂಗಳು ಹಿಡಿದು ನಿಲ್ಲುತ್ತದೋ ನೋಡುತ್ತೇನೆ. ಆಮೇಲೆ ಅಕ್ಕನ ಹತ್ತಿರ...”

“ಹರಪನಹಳ್ಳಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ, ಕೊಟ್ರೇಶಿ?” ಎಂದರು ಗುರುಗಳು.